ನಿಮಗಿದು ಗೊತ್ತೇ? ದೆವ್ವದ ಹೇಳಿಕೆ ಬರೆದುಕೊಂಡ ಪೊಲೀಸಪ್ಪನ ಕಾದಂಬರಿ!

ಲಂಡನ್ ಪೊಲೀಸರು, ಮಂತ್ರವಿದ್ಯೆ, ಮಾತಾಡುವ ನದಿಗಳು, ಕೋಲು ಬೀಸುವ ಗೊಂಬೆ. ಇವಿಷ್ಟನ್ನೂ ಒಂದೇ ಬಾಣಲೆಗೆ ಹಾಕಿ ಹುರಿದರೆ ಏನಾಗುತ್ತದೆ? ‘ರಿವರ್ಸ್ ಆಫ್ ಲಂಡನ್’ ಆಗುತ್ತದೆ! ಬೆನ್ ಆರನೋವಿಚ್ ಬರೆದ ಈ ಕಾದಂಬರಿ ಹೊರಬಂದದ್ದು 2011ರ ಜನವರಿಯಲ್ಲಿ. ಈ ಜಾತಿಯ ಕಥೆಗೆ ಅರ್ಬನ್ ಫ್ಯಾಂಟಸಿ ಅಂತ ಹೆಸರು. ಇಲ್ಲಿ ಕೋಟೆ, ಕೊತ್ತಲ, ಡ್ರ್ಯಾಗನ್ ಯಾವುದೂ ಇಲ್ಲ. ಬಸ್ಸು, ಟ್ರಾಫಿಕ್ಕು, ಬಾಡಿಗೆ ಮನೆಗಳ ನಡುವೆಯೇ ಮಾಟ, ಮಂತ್ರ!

ಒಂದು ಗುಟ್ಟು ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕದಲ್ಲಿ ‘ಇದು ಖಂಡಿತ ಬುರುಡೆ’ ಅನ್ನಿಸುವ ಸಂಗತಿಗಳೇ ಎಷ್ಟೋ ಸಲ ಅಪ್ಪಟ ನಿಜ. ಕೊಲೆಗಾರ ಯಾರೆಂದು ಮಾತ್ರ ಬಾಯಿ ಬಿಡುವುದಿಲ್ಲ. ಉಳಿದದ್ದೆಲ್ಲ ಕೇಳಿ!

ಸಾಕ್ಷಿ ಸತ್ತೇ ಹೋಗಿದ್ದಾನೆ!

ಜನವರಿಯ ಕೊರೆಯುವ ಚಳಿ. ಮಂಗಳವಾರ, ನಡುರಾತ್ರಿ ಒಂದೂವರೆ. ಕೋವೆಂಟ್ ಗಾರ್ಡನ್‌ನ ಸೇಂಟ್ ಪಾಲ್ಸ್ ಚರ್ಚಿನ ಮುಂದೆ ಒಂದು ಹೆಣ. ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ! ಎಳೆಯ ಪೇದೆ ಪೀಟರ್ ಗ್ರಾಂಟ್‌ಗೆ ಅಲ್ಲಿ ಕಾವಲು. ಕತ್ತಲಲ್ಲಿ ಒಬ್ಬ ಬಂದು ‘ನಾನು ನೋಡಿದೆ’ ಅನ್ನುತ್ತಾನೆ. ತೊಂದರೆ ಒಂದೇ. ಅವನು ಸತ್ತು ನೂರು ವರ್ಷ ದಾಟಿದೆ! ಪೀಟರ್ ಎದ್ದುಬಿದ್ದು ಓಡಿದನೇ? ಇಲ್ಲಪ್ಪ. ಹೇಳಿಕೆ ಬರೆದುಕೊಂಡ!

ಪಾಪ, ಪೀಟರ್‌ಗೆ ಕಾದಿದ್ದ ಕೆಲಸ ಬೇರೆಯೇ. ಬೇರೆ ಪೊಲೀಸರ ಕಾಗದಪತ್ರ ತುಂಬುವ ವಿಭಾಗಕ್ಕೆ ಅವನನ್ನು ತಳ್ಳುವುದೆಂದು ಮೇಲಧಿಕಾರಿಗಳು ನಿರ್ಧರಿಸಿದ್ದರು. ಬೆಳಗಿನಿಂದ ಸಂಜೆವರೆಗೆ ಫಾರಂ, ಫಾರಂ, ಫಾರಂ! ಒಂದು ದೆವ್ವ ಮಾತಾಡಿಸಿತು ನೋಡಿ, ಗುಮಾಸ್ತಗಿರಿ ತಪ್ಪಿ ಮಾಂತ್ರಿಕನ ಶಿಷ್ಯವೃತ್ತಿ ಸಿಕ್ಕಿತು!

ಆ ಚರ್ಚು ನಿಜವಾಗಿಯೂ ಇದೆ. 1630ರ ದಶಕದಲ್ಲಿ ಇನಿಗೋ ಜೋನ್ಸ್ ಎಂಬ ಮಹಾ ವಾಸ್ತುಶಿಲ್ಪಿ ಕಟ್ಟಿದ್ದು. ಚೌಕದ ಕಡೆಗೆ ಭರ್ಜರಿ ಕಂಬಗಳು, ನಡುವೆ ದೊಡ್ಡ ಬಾಗಿಲು. ತಳ್ಳಿ ನೋಡಿ, ತೆರೆಯುವುದೇ ಇಲ್ಲ! ಅದು ಸುಳ್ಳು ಬಾಗಿಲು. ಅದರ ಹಿಂದೆ ಇರುವುದು ಬಲಿಪೀಠ. ಒಳಗೆ ಹೋಗಬೇಕೆಂದರೆ ಸುತ್ತು ಹಾಕಿ ಹಿಂಬದಿಗೆ ಬರಬೇಕು!

ಇನ್ನೊಂದು ತಮಾಷೆ. ಈ ಚರ್ಚು ಕಟ್ಟಿಸಿದ ಶ್ರೀಮಂತ ಬೆಡ್‌ಫರ್ಡ್‌ನ ಅರ್ಲ್ ಜುಗ್ಗ. ಖರ್ಚು ಬೇಡ, ಕಣಜದಂಥದ್ದೊಂದು ಸಾಕು ಅಂದನಂತೆ. ಹಾಗಾದರೆ ಇಂಗ್ಲೆಂಡಿನಲ್ಲೇ ಚೆಂದದ ಕಣಜ ಕಟ್ಟಿಕೊಡುತ್ತೇನೆ ಎಂದು ಜೋನ್ಸ್ ಉತ್ತರ ಕೊಟ್ಟನಂತೆ. ಕೊಟ್ಟ ಮಾತು ಉಳಿಸಿಕೊಂಡ!

ಲಂಡನ್ನಿನ ಜನ ಇದನ್ನು ನಟರ ಚರ್ಚು ಅನ್ನುತ್ತಾರೆ. ಸುತ್ತಮುತ್ತ ಬರೀ ನಾಟಕಶಾಲೆಗಳು. ಗೋಡೆಯ ತುಂಬ ನಟ ನಟಿಯರ ನೆನಪಿನ ಫಲಕಗಳು. ಅದರಲ್ಲೊಂದು ಫಲಕ ನೋಡಿದರೆ ಬೆಚ್ಚಿಬೀಳುತ್ತೀರಿ. ನಾಟಕದ ಮುಖವಾಡ, ಅದರ ಕಣ್ಣಿಗೆ ಚುಚ್ಚಿದ ಬಾಕು! ಅದು ಚಾರ್ಲ್ಸ್ ಮ್ಯಾಕ್ಲಿನ್ ಎಂಬ ನಟನ ಫಲಕ.

ಕಣ್ಣಿಗೇಕೆ ಬಾಕು? 1735ರಲ್ಲಿ ಡ್ರೂರಿ ಲೇನ್ ರಂಗಮಂದಿರದ ಒಳಕೋಣೆಯಲ್ಲಿ ಮ್ಯಾಕ್ಲಿನ್‌ಗೂ ಥಾಮಸ್ ಹ್ಯಾಲಮ್ ಎಂಬ ಸಹನಟನಿಗೂ ಜಗಳ ಹತ್ತಿತು. ಯಾವುದಕ್ಕೆ ಗೊತ್ತೇ? ಒಂದು ವಿಗ್ಗಿಗೆ! ಮ್ಯಾಕ್ಲಿನ್ ಬೀಸಿದ ಕೋಲು ಹ್ಯಾಲಮ್‌ನ ಕಣ್ಣಿಗೆ ನಾಟಿ ಅವನ ಪ್ರಾಣವೇ ಹೋಯಿತು. ಬರೀ ತಲೆಗೂದಲಿಗೆ, ಅದೂ ಸುಳ್ಳು ಕೂದಲಿಗೆ ಒಂದು ಜೀವ!

ಮ್ಯಾಕ್ಲಿನ್ ಗಲ್ಲಿಗೇರಿರಬೇಕು ಅಂದುಕೊಂಡಿರಾ? ಊಹೂಂ. ಬೇಕೆಂದು ಕೊಂದದ್ದಲ್ಲ ಎಂದು ಬಚಾವಾದ. ಆರು ವರ್ಷ ಕಳೆದು ಶೈಲಾಕ್‌ನ ಪಾತ್ರ ಮಾಡಿ ಊರಿಗೆಲ್ಲ ಹೆಸರಾದ. ನೂರರ ಆಸುಪಾಸಿನವರೆಗೆ ಬದುಕಿ 1797ರಲ್ಲಿ ತೀರಿಕೊಂಡ. ಈ ಹಳೆಯ ಕೋಪಿಷ್ಠನ ಕಥೆಯನ್ನು ಆರನೋವಿಚ್ ತಮ್ಮ ಕಾದಂಬರಿಗೆ ಹೇಗೆ ಹೆಣೆದಿದ್ದಾರೆ ಎಂದು ಓದಿಯೇ ನೋಡಬೇಕು!

ಕೋಲು ಹಿಡಿದ ಗೊಂಬೆಯ ಹುಟ್ಟುಹಬ್ಬ!

ಪಂಚ್ ಎಂಬ ಇಂಗ್ಲಿಷ್ ಕೈಗೊಂಬೆ ಗೊತ್ತೇ? ಕೊಕ್ಕೆ ಮೂಗು, ಗೂನು ಬೆನ್ನು, ಕೈಯಲ್ಲಿ ಸದಾ ಕೋಲು. ಹೆಂಡತಿ ಹೆಸರು ಜೂಡಿ. ಮಗು ಅತ್ತರೆ ಎತ್ತಿ ಎಸೆಯುತ್ತಾನೆ, ಹೆಂಡತಿ ಬೈದರೆ ಬಡಿದು ಹಾಕುತ್ತಾನೆ, ಗಲ್ಲಿಗೆ ಹಾಕಲು ಬಂದವನನ್ನೇ ಗಲ್ಲಿಗೆ ಹಾಕುತ್ತಾನೆ! ಇದು ಮಕ್ಕಳ ಮನರಂಜನೆ, ನಂಬುತ್ತೀರಾ? ಕಾದಂಬರಿಯ ರಕ್ತಪಾತಕ್ಕೆಲ್ಲ ಈ ಆಟದ ನೆರಳಿದೆ!

ಈ ಗೊಂಬೆಗೆ ಹುಟ್ಟಿದ ದಿನವೂ ಉಂಟು. 1662ರ ಮೇ 9ರಂದು ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ಕೋವೆಂಟ್ ಗಾರ್ಡನ್‌ನಲ್ಲಿ ಇಟಲಿಯವರ ಗೊಂಬೆಯಾಟ ನೋಡಿ ದಿನಚರಿಯಲ್ಲಿ ಬರೆದಿಟ್ಟ. ಎಷ್ಟು ಮೆಚ್ಚಿದನೆಂದರೆ ಎರಡು ವಾರಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಂದ! ಇಂಗ್ಲೆಂಡಿನಲ್ಲಿ ಪಂಚ್‌ನ ಹುಟ್ಟುಹಬ್ಬ ಇವತ್ತಿಗೂ ಮೇ 9. ಮೇ ತಿಂಗಳಲ್ಲಿ ಅದೇ ಚರ್ಚಿನ ಅಂಗಳದಲ್ಲಿ ಗೊಂಬೆಯಾಟದವರ ಜಾತ್ರೆ!

ಪಂಚ್ ಗೊಂಬೆ ಕುಣಿಸುವವನನ್ನು ಏನೆಂದು ಕರೆಯುತ್ತಾರೆ? ಪ್ರೊಫೆಸರ್! ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿರಬೇಕಿಲ್ಲ. ಎರಡು ಕೈಗೆ ಎರಡು ಗೊಂಬೆ ತೊಟ್ಟು ಜನರನ್ನು ನಗಿಸಿದರೆ ಆಯಿತು, ಪದವಿ ಬಂದಂತೆ!

ಪಂಚ್‌ನ ಕೀಚಲು ದನಿ ಬರುವುದು ಸ್ವಾಝಲ್ ಎಂಬ ಪುಟ್ಟ ಸಾಧನದಿಂದ. ಎರಡು ಲೋಹದ ಪಟ್ಟಿ, ನಡುವೆ ಬಿಗಿದ ದಾರದ ಪಟ್ಟಿ. ಅದನ್ನು ಅಂಗುಳಕ್ಕೆ ಒತ್ತಿಟ್ಟುಕೊಂಡು ಪಂಚ್ ಮಾತಾಡಿಸಬೇಕು. ಜೂಡಿಯ ಸರದಿ ಬಂದಾಗ ನಾಲಗೆಯಿಂದ ಪಕ್ಕಕ್ಕೆ ಸರಿಸಬೇಕು. ಸರಿಸುವಾಗ ಗುಳುಂ ಎಂದರೆ ಹೊಟ್ಟೆಗೇ! ಎರಡು ಸಲ ನುಂಗಿದ ಮೇಲೆಯೇ ಅಸಲಿ ಪ್ರೊಫೆಸರ್ ಎಂದು ಆ ಕಸುಬಿನವರು ತಮಾಷೆ ಮಾಡುತ್ತಾರೆ!

ಬಾಯಿಂದ ಬಾಯಿಗೆ ಬಂದ ಈ ಆಟವನ್ನು ಪಿಚೀನಿ ಎಂಬ ಇಟಲಿಯ ಮುದುಕ ಆಡಿ ತೋರಿಸಿದ. ಜಾನ್ ಪೇನ್ ಕಾಲಿಯರ್ ಬರೆದುಕೊಂಡು 1828ರಲ್ಲಿ ಅಚ್ಚು ಹಾಕಿಸಿದ. ಆದರೆ ಈ ಕಾಲಿಯರ್ ಎಂಥವನು ಗೊತ್ತೇ? ಶೇಕ್ಸ್‌ಪಿಯರ್‌ಗೆ ಸಂಬಂಧಿಸಿದ ಖೋಟಾ ದಾಖಲೆಗಳ ಹಗರಣದಲ್ಲಿ ಮುಂದೆ ಹೆಸರು ಕೆಡಿಸಿಕೊಂಡವನು! ಕಾದಂಬರಿಯಲ್ಲಿ ಪೀಟರ್‌ಗೆ ಸುಳಿವು ಸಿಗುವುದು ಇದೇ ಆಟದ ಪಠ್ಯದಿಂದ. ಪಠ್ಯದ ಪುಟ ತಿರುವಿದಂತೆ ಊರಲ್ಲಿ ಹೆಣ ಬೀಳುತ್ತವೆ!

ಕಾದಂಬರಿಯಲ್ಲಿ ಒಂದು ಪುಟ್ಟ ನಾಯಿ ಇದೆ. ಮೂಗು ಕಂಡರೆ ಕಚ್ಚುವ ಕಿಲಾಡಿ. ಹೆಸರು ಟೋಬಿ. ಸುಮ್ಮನೆ ಇಟ್ಟ ಹೆಸರಲ್ಲ ಅದು! ಪಂಚ್ ಆಟದಲ್ಲೂ ಟೋಬಿ ಎಂಬ ನಾಯಿ ಇರುತ್ತದೆ. ಹಿಂದೆಲ್ಲ ಗೊಂಬೆಗಳ ನಡುವೆ ಜೀವಂತ ನಾಯಿಯನ್ನೇ ಕೂರಿಸುತ್ತಿದ್ದರು!

ಟೋಬಿಗೆ ಇನ್ನೊಂದು ಉದ್ಯೋಗವೂ ಇದೆ. ಮಂತ್ರದ ವಾಸನೆ ಬಡಿದರೆ ಬೊಗಳುತ್ತದೆ. ಪೀಟರ್ ಬಿಡುತ್ತಾನೆಯೇ? ಮಂತ್ರಶಕ್ತಿ ಅಳೆಯಲು ‘ಯ್ಯಾಪ್’ ಎಂಬ ಮಾಪನವನ್ನೇ ಹುಟ್ಟುಹಾಕುತ್ತಾನೆ. ದೂರಕ್ಕೆ ಮೀಟರ್, ತೂಕಕ್ಕೆ ಗ್ರಾಂ, ಮಂತ್ರಕ್ಕೆ ಬೌ ಬೌ!

ಮಂತ್ರಕ್ಕೂ ಪಾಠ, ಪರೀಕ್ಷೆ!

ಈ ಕಥೆಯಲ್ಲಿ ಮಂತ್ರವಿದ್ಯೆಗೆ ಶಾಸ್ತ್ರ ಬರೆದವರು ಯಾರು? ಸರ್ ಐಸಾಕ್ ನ್ಯೂಟನ್! ಅದೇ ಗುರುತ್ವಾಕರ್ಷಣೆಯ ನ್ಯೂಟನ್. ಆದ್ದರಿಂದಲೇ ಮಂತ್ರಗಳೆಲ್ಲ ಅವರ ಕಾಲದ ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನಲ್ಲಿ. ಪೀಟರ್ ದಿನವಿಡೀ ಲ್ಯಾಟಿನ್ ಉರು ಹೊಡೆಯಬೇಕು. ಮಾಂತ್ರಿಕನಾದರೂ ಹೋಂವರ್ಕ್ ತಪ್ಪಲಿಲ್ಲ!

ನ್ಯೂಟನ್, ಮಂತ್ರ ಎರಡಕ್ಕೂ ಎಲ್ಲಿಂದೆಲ್ಲಿಯ ನಂಟು ಅನ್ನಬೇಡಿ. ಅಸಲಿ ನ್ಯೂಟನ್ ತಾಮ್ರ ಚಿನ್ನವಾಗುವ ರಸವಿದ್ಯೆಯ ಬಗ್ಗೆ ಸುಮಾರು ಹತ್ತು ಲಕ್ಷ ಪದ ಬರೆದಿಟ್ಟಿದ್ದರು! ಅವರು ಸತ್ತ ಮೇಲೆ ಕಾಗದಪತ್ರ ತಪಾಸಣೆ ಮಾಡಿದವರು ಎಷ್ಟೋ ಕಟ್ಟುಗಳ ಮೇಲೆ ‘ಅಚ್ಚಿಗೆ ಯೋಗ್ಯವಲ್ಲ’ ಎಂದು ಗೀಚಿ ಪಕ್ಕಕ್ಕಿಟ್ಟರು!

1936ರಲ್ಲಿ ಆ ಕಾಗದಗಳು ಹರಾಜಿಗೆ ಬಂದವು. ಅವುಗಳಲ್ಲಿ ಬಹಳಷ್ಟನ್ನು ಹುಡುಕಿ ಕೊಂಡವರು ಯಾರು ಗೊತ್ತೇ? ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್! ಓದಿ ಮುಗಿಸಿದ ಕೇನ್ಸ್‌ಗೆ ನ್ಯೂಟನ್ ಮೊದಲ ವಿಜ್ಞಾನಿಯಂತೆ ಕಾಣಲಿಲ್ಲ, ಕೊನೆಯ ಮಾಂತ್ರಿಕನಂತೆ ಕಂಡರು. ನೋಡಿ, ಕಾದಂಬರಿಕಾರರ ಕಲ್ಪನೆಗಿಂತ ಅರ್ಥಶಾಸ್ತ್ರಜ್ಞರೇ ಒಂದು ಹೆಜ್ಜೆ ಮುಂದೆ!

ನ್ಯೂಟನ್ ಪತ್ತೇದಾರಿಕೆಯನ್ನೂ ಮಾಡಿದ್ದರು, ಗೊತ್ತೇ? 1696ರಲ್ಲಿ ಟಂಕಸಾಲೆಯ ಅಧಿಕಾರಿಯಾದವರೇ ಖೋಟಾ ನಾಣ್ಯದವರ ಬೆನ್ನು ಹತ್ತಿದರು. ವಿಲಿಯಂ ಚಲೋನರ್ ಎಂಬ ಮಹಾ ಖದೀಮನಿಗೆ ಸಾಕ್ಷಿ ಕೂಡಿಸಿ ಬಲೆ ಬೀಸಿದರು. 1699ರಲ್ಲಿ ಅವನಿಗೆ ಗಲ್ಲಾಯಿತು. ಎಲ್ಲಿ? ಟೈಬರ್ನ್‌ನಲ್ಲಿ! ಆ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಇನ್ನೊಮ್ಮೆ ಬರುತ್ತದೆ.

ಪೀಟರ್ ಕಲಿಯುವ ಮೊದಲ ಮಂತ್ರ ಅಂಗೈಯಲ್ಲಿ ಬೆಳಕು ಹೊತ್ತಿಸುವುದು. ಅಷ್ಟಕ್ಕೇ ವಾರಗಟ್ಟಲೆ ತಿಣುಕಾಟ! ಆಮೇಲೆ ಸೇಬು ಗಾಳಿಯಲ್ಲಿ ಎತ್ತುವ ಅಭ್ಯಾಸ. ನ್ಯೂಟನ್ ಸೇಬು ಕೆಳಗೆ ಬೀಳುವುದನ್ನು ನೋಡಿದರು, ಅವರ ಶಿಷ್ಯಪರಂಪರೆ ಸೇಬನ್ನು ಮೇಲಕ್ಕೆ ಕಳಿಸುತ್ತಿದೆ!

ಮಂತ್ರ ಹಾಕಿದಾಗ ಜೇಬಿನಲ್ಲಿ ಮೊಬೈಲ್ ಇದ್ದರೆ ಮುಗಿಯಿತು ಕಥೆ. ಒಳಗಿನ ಚಿಪ್ಪು ನುಣ್ಣನೆ ಮರಳಾಗಿ ಉದುರುತ್ತದೆ! ತಮಾಷೆ ಎಂದರೆ, ಚಿಪ್ಪಿನ ಸಿಲಿಕಾನ್ ಸಿಗುವುದೇ ಮರಳಿನಂಥ ಕಲ್ಲಿನಿಂದ. ಹುಟ್ಟಿದ ಮನೆಗೇ ವಾಪಸ್! ಪೀಟರ್ ತಲೆ ಓಡಿಸಿ ಬ್ಯಾಟರಿ ಸಂಪರ್ಕ ಕತ್ತರಿಸುವ ಸ್ವಿಚ್ಚೊಂದನ್ನು ಫೋನಿಗೆ ಕೂಡಿಸಿಕೊಳ್ಳುತ್ತಾನೆ. ಮಂತ್ರಕ್ಕೆ ಮುಂಚೆ ಟಕ್, ಆಮೇಲೆ ಟಕ್!

ಅತಿಯಾಗಿ ಮಂತ್ರ ಹಾಕಿದರೆ ಫೋನಷ್ಟೇ ಅಲ್ಲ, ಮಿದುಳೂ ಹೋಗುತ್ತದೆ. ಹಾಗೆ ಸತ್ತವರ ಮಿದುಳು ಕೆಟ್ಟ ಹೂಕೋಸಿನಂತೆ ಮುದುಡಿರುತ್ತದೆ! ಗುರುಗಳು ಶಿಷ್ಯನಿಗೆ ಅದನ್ನು ತೋರಿಸಿಯೇ ಎಚ್ಚರಿಕೆ ಹೇಳಿಸುತ್ತಾರೆ. ಆ ಪುಟ ಓದಿದ ದಿನ ಗೋಬಿ ಮಂಚೂರಿ ಬೇಡವೇ ಬೇಡ!

ಆ ಮಿದುಳು ತೋರಿಸುವ ವೈದ್ಯರ ಹೆಸರು ಅಬ್ದುಲ್ ಹಕ್ ವಲೀದ್. ಹೆಸರು ಕೇಳಿ ಅರಬ್ ನಾಡಿನವರು ಅಂದುಕೊಳ್ಳುತ್ತೀರಿ. ಅಲ್ಲವೇ ಅಲ್ಲ! ಕೆಂಪು ಕೂದಲಿನ ಪಕ್ಕಾ ಸ್ಕಾಟ್ಲೆಂಡಿನವರು. ಇಸ್ಲಾಮಿಗೆ ಸೇರಿದವರು. ಓದುಗರ ಊಹೆಯ ಕಾಲೆಳೆಯುವುದೆಂದರೆ ಆರನೋವಿಚ್‌ಗೆ ಖುಷಿಯೋ ಖುಷಿ!

ಪೀಟರ್‌ನ ಗುರು ಥಾಮಸ್ ನೈಟಿಂಗೇಲ್. ಚೆಂದದ ಸೂಟು, ಬೆಳ್ಳಿ ಹಿಡಿಯ ಊರುಗೋಲು, ನೋಡಲು ನಲವತ್ತರ ಆಸುಪಾಸು. ಹುಟ್ಟಿದ ವರ್ಷ ಎಷ್ಟು ಹೇಳಿ? 1900! ಮುದುಕರಾಗುತ್ತ ಹೋದವರು 1970ರ ದಶಕದಲ್ಲಿ ಇದ್ದಕ್ಕಿದ್ದಂತೆ ಎಳೆಯರಾಗತೊಡಗಿದರು. ಏಕೆ? ಅವರಿಗೂ ಗೊತ್ತಿಲ್ಲ. ಕೇಳುವುದಕ್ಕೂ ಹೋಗಿಲ್ಲ!

ನೈಟಿಂಗೇಲ್ ಓಡಿಸುವುದು ಹಳೆಯ ಜಾಗ್ವಾರ್ ಮಾರ್ಕ್ 2. 1959ರಿಂದ 1967ರವರೆಗೆ ತಯಾರಾದ ಕಾರು. ಆ ಕಾಲದಲ್ಲಿ ಇದರ ವೇಗಕ್ಕೆ ಪೊಲೀಸರೂ ಮರುಳಾಗಿದ್ದರು, ಬ್ಯಾಂಕು ದೋಚುವವರೂ ಮರುಳಾಗಿದ್ದರು. ಅಟ್ಟಿಸಿಕೊಂಡು ಹೋಗುವುದೂ ಜಾಗ್ವಾರ್, ತಪ್ಪಿಸಿಕೊಂಡು ಓಡುವುದೂ ಜಾಗ್ವಾರ್!

ಗುರು ಶಿಷ್ಯರ ಠಿಕಾಣಿಗೆ ‘ಫಾಲಿ’ ಎಂದು ಹೆಸರು. ವಿಳಾಸ ರಸ್ಸೆಲ್ ಸ್ಕ್ವೇರ್. ಚೌಕ ನಿಜ, ಬ್ರಿಟಿಷ್ ಮ್ಯೂಸಿಯಂ ಅಲ್ಲೇ ಪಕ್ಕದಲ್ಲಿರುವುದೂ ನಿಜ. ಫಾಲಿ ಮಾತ್ರ ಸುಳ್ಳು! ಅಡುಗೆಗೆ ಮಾಲಿ ಎಂಬಾಕೆ ಇದ್ದಾಳೆ. ಒಂದು ಮಾತೂ ಆಡುವುದಿಲ್ಲ, ಬಾಯಿ ತೆರೆದರೆ ಚೂಪು ಹಲ್ಲು. ಊಟ ಚೆನ್ನಾಗಿಲ್ಲ ಅನ್ನುವ ಧೈರ್ಯ ಯಾರಿಗಿದೆ?

ನದಿಯಮ್ಮ ಬಾಗಿಲು ತೆರೆದಳು!

ಥೇಮ್ಸ್ ನದಿಯ ದೇವತೆ ಯಾರೆಂದುಕೊಂಡಿರಿ? ಬಿಳಿ ಗಡ್ಡದ ಇಂಗ್ಲಿಷ್ ಅಜ್ಜನೇ? ಅರ್ಧ ಉತ್ತರ ಸರಿ! ಲಂಡನ್ ಒಳಗಿನ ಥೇಮ್ಸ್‌ಗೆ ಒಡತಿ ನೈಜೀರಿಯಾದಿಂದ ನರ್ಸಿಂಗ್ ಕಲಿಯಲು ಬಂದಿದ್ದ ಹೆಣ್ಣುಮಗಳು. ಬದುಕು ಸಾಕೆನಿಸಿ ಲಂಡನ್ ಬ್ರಿಜ್‌ನಿಂದ ಹಾರಿದಳು. ನದಿ ಅವಳನ್ನು ಮುಳುಗಿಸಲಿಲ್ಲ, ಖಾಲಿ ಬಿದ್ದಿದ್ದ ಪಟ್ಟಕ್ಕೆ ಕೂರಿಸಿತು. ಈಗ ಅವಳು ಮಾಮಾ ಥೇಮ್ಸ್!

ಹಳೆಯ ಅಜ್ಜ ಏನಾದ? ಫಾದರ್ ಥೇಮ್ಸ್ ಊರು ಬಿಟ್ಟು ಮೇಲ್ದಂಡೆಗೆ ಹೋಗಿ ಕೂತಿದ್ದಾನೆ. 1858ರಲ್ಲಿ ಹೋದವನು ವಾಪಸ್ ಬಂದಿಲ್ಲ. ಕಾರಣ? ನಾತ! ಗಬ್ಬು ನಾತ ತಡೆಯಲಾರದೆ ದೇವರೇ ಗುಳೆ ಹೋದ!

1858ರ ನಾತ ಕಟ್ಟುಕಥೆಯಲ್ಲ, ಇತಿಹಾಸ. ಲಂಡನ್ನಿನ ಪಾಯಿಖಾನೆಯೆಲ್ಲ ಥೇಮ್ಸ್‌ಗೆ ಹರಿಯುತ್ತಿತ್ತು. ಆ ಬೇಸಿಗೆಯ ಬಿಸಿಗೆ ನದಿಯೇ ಕೊಳೆತು ನಾರಿತು. ನದಿಯ ದಡದಲ್ಲೇ ಪಾರ್ಲಿಮೆಂಟ್! ಸದಸ್ಯರು ಉಸಿರಾಡಲಿ ಎಂದು ಕಿಟಕಿಯ ಪರದೆಗಳನ್ನು ಸುಣ್ಣದ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ನೇತುಹಾಕಿದರು. ಇತಿಹಾಸದಲ್ಲಿ ಇದಕ್ಕೆ ‘ಗ್ರೇಟ್ ಸ್ಟಿಂಕ್’, ಅಂದರೆ ಮಹಾನಾತ ಎಂದೇ ಹೆಸರು!

ಮೂಗಿಗೆ ಬಡಿದ ಮೇಲೆ ಕೇಳಬೇಕೆ? ವರ್ಷಗಟ್ಟಲೆ ತೆವಳಿದ್ದ ಒಳಚರಂಡಿ ಯೋಜನೆಗೆ ಕೆಲವೇ ದಿನಗಳಲ್ಲಿ ಕಾನೂನು ಪಾಸಾಯಿತು. ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ 82 ಮೈಲಿ ಮುಖ್ಯ ಸುರಂಗ ಕಟ್ಟಿಸಿದರು. ಲಂಡನ್ನಿನ ಕೊಳೆ ಇವತ್ತಿಗೂ ಅವರ ಸುರಂಗಗಳಲ್ಲಿ ಹರಿಯುತ್ತಿದೆ!

ಇಷ್ಟಾದರೂ 1957ರಲ್ಲಿ ವಿಜ್ಞಾನಿಗಳು ಲಂಡನ್ ಭಾಗದ ಥೇಮ್ಸ್ ಸತ್ತಿದೆ ಎಂದು ಸಾರಿದರು. ಜೀವ ಬದುಕಲಾರದಷ್ಟು ಕೊಳಕು. ಈಗ? ನೂರಕ್ಕೂ ಹೆಚ್ಚು ಬಗೆಯ ಮೀನು, ಸೀಲ್, ಕಡಲ್ಗುದುರೆ ಕೂಡ ಇವೆ! ಸತ್ತ ನದಿ ಎದ್ದು ಕೂತ ಕಥೆ ಕಾದಂಬರಿಯಲ್ಲಿ ಮಾತ್ರ ನಡೆದದ್ದಲ್ಲ!

ಅಮ್ಮನ ಗಡಿ ಎಲ್ಲಿ ಮುಗಿಯುತ್ತದೆ, ಅಜ್ಜನ ಗಡಿ ಎಲ್ಲಿ ಶುರು? ಟೆಡ್ಡಿಂಗ್ಟನ್ ಲಾಕ್ ಎಂಬಲ್ಲಿ. ಸುಮ್ಮನೆ ಎಳೆದ ಗೆರೆಯಲ್ಲ ಇದು. ಸಮುದ್ರದ ಉಬ್ಬರ ಇಳಿತ ಥೇಮ್ಸ್‌ನಲ್ಲಿ ಏರಿ ಬರುವುದು ಅಲ್ಲಿಯವರೆಗೇ. ಭೂಗೋಳದ ಪಾಠದಿಂದಲೇ ಎತ್ತಿಕೊಂಡ ಗಡಿ ತಂಟೆ!

ನದಿಯಮ್ಮನ ಮನೆಗೆ ಹೋದರೆ ಒಂದು ಎಚ್ಚರ ಬೇಕು. ಚಹಾ, ಬಿಸ್ಕತ್ತು ಕೊಟ್ಟರೆ ಗಬಕ್ಕನೆ ಬಾಯಿಗೆ ಹಾಕಬಾರದು! ತಿಂದರೆ ಅವಳ ಋಣಕ್ಕೆ ಬಿದ್ದ ಹಾಗೆ. ಪೀಟರ್ ಪೊಲೀಸ್ ಬುದ್ಧಿ ಬಿಡುವನೇ? ಉಪಚಾರದ ಹಿಂದೆ ಹಂಗೇನಾದರೂ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುತ್ತಾನೆ!

ಮಾಮಾ ಥೇಮ್ಸ್‌ನ ಹೆಣ್ಣುಮಕ್ಕಳೆಲ್ಲ ಲಂಡನ್ನಿನ ಉಪನದಿಗಳು. ಅವರಲ್ಲಿ ಜೋರಿನವಳು ಲೇಡಿ ಟೈ. ಪೂರ್ತಿ ಹೆಸರು ಟೈಬರ್ನ್. ಹ್ಞಾಂ, ಆಗಲೇ ಹೇಳಿದ್ದೆನಲ್ಲ! ಆ ನದಿಯ ಹೆಸರಿನ ಜಾಗದಲ್ಲೇ 1783ರವರೆಗೆ ಲಂಡನ್ನಿನ ವಧಾಸ್ಥಾನ ಇತ್ತು. ಸರಣಿಯ ಆರನೇ ಕಾದಂಬರಿಯ ಹೆಸರು ‘ದಿ ಹ್ಯಾಂಗಿಂಗ್ ಟ್ರೀ’. ಯಾವ ಮರದ ಮಾತೆಂದು ಈಗ ಗೊತ್ತಾಯಿತೇ!

ಲೇಡಿ ಟೈಗೆ ದೊಡ್ಡ ಮಂದಿಯ ಸಹವಾಸ ಇಷ್ಟ. ಇರದೆ ಏನು? ಅಸಲಿ ಟೈಬರ್ನ್ ಹೊಳೆ ಕೊಳವೆಯೊಳಗೆ ಸೇರಿ ಬಕಿಂಗ್‌ಹ್ಯಾಮ್ ಅರಮನೆಯ ಅಡಿಯಿಂದಲೇ ಹರಿಯುತ್ತದೆ. ರಾಜನ ಮನೆ ಕೆಳಗೇ ಅವಳ ದಾರಿ!

ಪೀಟರ್ ಮನಸ್ಸು ಕದಿಯುವವಳು ಬೆವರ್ಲಿ ಬ್ರುಕ್. ಸಿನಿಮಾ ನಟಿಯ ಹೆಸರಿನಂತಿದೆ, ಅಲ್ಲವೇ? ಅಸಲಿಗೆ ಅದು ನೈಋತ್ಯ ಲಂಡನ್ನಿನ ಪುಟ್ಟ ತೊರೆ. ರಿಚ್ಮಂಡ್ ಪಾರ್ಕಿನಲ್ಲಿ ಹಾದು ಥೇಮ್ಸ್ ಸೇರುತ್ತದೆ. ಒಂದು ಕಾಲಕ್ಕೆ ಅಲ್ಲಿ ಬೀವರ್ ಎಂಬ ನೀರುಪ್ರಾಣಿಗಳಿದ್ದವು. ಬೀವರ್ ಇದ್ದ ಹುಲ್ಲುಗಾವಲಿನ ಹೊಳೆಯೇ ಬೆವರ್ಲಿ!

ವೆಸ್ಟ್‌ಬೋರ್ನ್ ಎಂಬ ಹೊಳೆಯ ಕಥೆ ಕೇಳಿದರೆ ನಗು ಬರುತ್ತದೆ. ಸ್ಲೋನ್ ಸ್ಕ್ವೇರ್ ಮೆಟ್ರೋ ನಿಲ್ದಾಣ ಕಟ್ಟುವಾಗ ಅಡ್ಡ ಬಂತು. ಏನು ಮಾಡಿದರು? ದಪ್ಪ ಕಬ್ಬಿಣದ ಕೊಳವೆಯೊಳಗೆ ಹಾಕಿ ಪ್ಲಾಟ್‌ಫಾರ್ಮಿನ ಮೇಲಿಂದ ಹಾಯಿಸಿದರು. ಜನ ಕೆಳಗೆ ರೈಲಿಗೆ ಕಾಯುತ್ತಾರೆ, ತಲೆಯ ಮೇಲೆ ನದಿ ಹೋಗುತ್ತಿರುತ್ತದೆ!

ಗಲಾಟೆಗೂ ಇತಿಹಾಸ ಉಂಟು!

ಕಥೆ ನಡೆಯುವ ಬೋ ಸ್ಟ್ರೀಟ್ ಸುಮ್ಮನೆ ಆರಿಸಿದ ಬೀದಿಯಲ್ಲ. ಲಂಡನ್ನಿನ ಮೊದಲ ವೃತ್ತಿಪರ ಪತ್ತೇದಾರರ ಪಡೆ ಅಲ್ಲೇ 1749ರಲ್ಲಿ ಹುಟ್ಟಿತು. ಕಟ್ಟಿದವರು ಯಾರು? ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್! ಅವರ ಹೆಸರಾಂತ ‘ಟಾಮ್ ಜೋನ್ಸ್’ ಬಂದದ್ದೂ ಅದೇ ವರ್ಷ. ಬಲಗೈಯಲ್ಲಿ ಕಾದಂಬರಿ, ಎಡಗೈಯಲ್ಲಿ ಬೇಡಿ!

ಹೆನ್ರಿಯ ಮಲತಮ್ಮ ಜಾನ್ ಫೀಲ್ಡಿಂಗ್ ಅಲ್ಲೇ ಮ್ಯಾಜಿಸ್ಟ್ರೇಟ್ ಆದರು. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಮೂರು ಸಾವಿರ ಕಳ್ಳರನ್ನು ದನಿ ಕೇಳಿಯೇ ಗುರುತು ಹಿಡಿಯುತ್ತಿದ್ದರಂತೆ! ಇಂಥವರು ನಿಜವಾಗಿಯೂ ಇದ್ದ ಮೇಲೆ ಕಾದಂಬರಿಕಾರರಿಗೆ ಮಾಂತ್ರಿಕರೇಕೆ ಬೇಕು ಹೇಳಿ!

ಲಂಡನ್ನಿನ ಹಳೆ ಪೊಲೀಸ್ ಠಾಣೆಗಳ ಮುಂದೆ ನೀಲಿ ದೀಪ. ಬೋ ಸ್ಟ್ರೀಟ್ ಠಾಣೆಗೆ ಮಾತ್ರ ಬಿಳಿ! ಎದುರಿನ ಆಪೆರಾಗೆ ಬರುತ್ತಿದ್ದ ವಿಕ್ಟೋರಿಯಾ ರಾಣಿಗೆ ನೀಲಿ ಬೆಳಕು ಕಂಡರೆ ಗಂಡ ತೀರಿಕೊಂಡ ನೀಲಿ ಕೋಣೆ ನೆನಪಾಗುತ್ತಿತ್ತು, ಅದಕ್ಕೇ ಬದಲಾಯಿಸಿದರು ಅನ್ನುತ್ತಾರೆ. ಆ ಹಳೆ ಕಟ್ಟಡ ಈಗ ಐಷಾರಾಮಿ ಹೋಟೆಲ್!

ಕಾದಂಬರಿಯಲ್ಲಿ ಆಪೆರಾ ಹೌಸ್ ಸುತ್ತ ಭಾರೀ ದೊಂಬಿ ಏಳುತ್ತದೆ. ಅಸಲಿ ದೊಂಬಿ ಅದಕ್ಕಿಂತ ಮಜವಾಗಿತ್ತು! ಅದೇ ಜಾಗದಲ್ಲಿದ್ದು 1808ರಲ್ಲಿ ಸುಟ್ಟುಹೋದ ನಾಟಕಶಾಲೆಯನ್ನು ಮತ್ತೆ ಕಟ್ಟಿ 1809ರಲ್ಲಿ ತೆರೆದಾಗ ಟಿಕೆಟ್ ದರ ಏರಿಸಿದರು. ಪ್ರೇಕ್ಷಕರು ಗಂಟೆ, ಗಿಲಕಿ, ಹಂದಿ ಹಿಡಿದು ಬಂದು ಒಳಗೇ ಕುಣಿದರು. ಒಂದು ದಿನವಲ್ಲ, ಸುಮಾರು ಮೂರು ತಿಂಗಳು! ಕೊನೆಗೆ ಮಾಲೀಕನೇ ಕ್ಷಮೆ ಕೇಳಿದ.

ಅಮೆರಿಕದಲ್ಲಿ ಇದೇ ಪುಸ್ತಕಕ್ಕೆ ಬೇರೆ ಹೆಸರು. ‘ಮಿಡ್‌ನೈಟ್ ರಯಟ್’, ಅಂದರೆ ನಡುರಾತ್ರಿಯ ದೊಂಬಿ. ಬಂದದ್ದು 2011ರ ಫೆಬ್ರವರಿ. ಅದೇ ವರ್ಷದ ಆಗಸ್ಟಿನಲ್ಲಿ ಲಂಡನ್ ದಿನಗಟ್ಟಲೆ ನಿಜವಾದ ಗಲಭೆಯಲ್ಲಿ ಹೊತ್ತಿ ಉರಿಯಿತು. ಕಾಕತಾಳೀಯವೇ ಸರಿ, ಆದರೂ ಮೈ ಜುಮ್ಮೆನ್ನುತ್ತದೆ!

ಇನ್ನು ಲಂಡನ್ ಬ್ರಿಜ್. ಕಾದಂಬರಿಯ ಒಂದು ಅಧ್ಯಾಯಕ್ಕೆ ಅದರದೇ ಹೆಸರು. 1831ರಲ್ಲಿ ಕಟ್ಟಿದ ಹಳೆ ಸೇತುವೆ ಈಗ ಎಲ್ಲಿದೆ ಗೊತ್ತೇ? ಅಮೆರಿಕದ ಆರಿಝೋನಾ ಮರುಭೂಮಿಯಲ್ಲಿ! 1968ರಲ್ಲಿ 24,60,000 ಡಾಲರಿಗೆ ಮಾರಿದರು. ಕಲ್ಲುಗಳಿಗೆ ನಂಬರ್ ಹಾಕಿ ಹಡಗಿನಲ್ಲಿ ಕಳಿಸಿದರು!

ಪುಸ್ತಕ ಮಾರುತ್ತಿದ್ದವರ ಪುಸ್ತಕ!

ಬೆನ್ ಆರನೋವಿಚ್ ಹುಟ್ಟಿದ್ದು 1964ರಲ್ಲಿ, ಲಂಡನ್ನಿನಲ್ಲೇ. ಟಿವಿ ಬರವಣಿಗೆಯ ಕೆಲಸ ಒಣಗಿದಾಗ ಅಂಗಡಿಯೊಂದರಲ್ಲಿ ಪುಸ್ತಕ ಮಾರಾಟಕ್ಕೆ ನಿಂತರು. ಯಾವ ಅಂಗಡಿ? ಕೋವೆಂಟ್ ಗಾರ್ಡನ್‌ನ ವಾಟರ್‌ಸ್ಟೋನ್ಸ್! ಹೆಣ ಬಿದ್ದ ಜಾಗ ಅವರ ಕೆಲಸದ ಅಂಗಡಿಯಿಂದ ಕೂಗಳತೆ ದೂರ!

ಅದಕ್ಕೂ ಮುಂಚೆ ಅವರು ‘ಡಾಕ್ಟರ್ ಹೂ’ ಧಾರಾವಾಹಿಗೆ ಎರಡು ಕಥೆ ಬರೆದಿದ್ದರು. ಅದರ ಖಳರು ಡಾಲೆಕ್‌ಗಳು. ಚಕ್ರದ ಡಬ್ಬದಂಥವು. ಮೆಟ್ಟಿಲು ಹತ್ತಿದರೆ ಸಾಕು, ಇವುಗಳಿಂದ ತಪ್ಪಿಸಿಕೊಳ್ಳಬಹುದು ಎಂದು ಜನ ವರ್ಷಗಟ್ಟಲೆ ನಗುತ್ತಿದ್ದರು. 1988ರ ಕಥೆಯಲ್ಲಿ ಆರನೋವಿಚ್ ಡಾಲೆಕ್ ಒಂದನ್ನು ತೇಲಿಸಿಕೊಂಡು ಮೆಟ್ಟಿಲು ಹತ್ತಿಸಿಯೇಬಿಟ್ಟರು! ನಗು ಅಲ್ಲಿಗೆ ಬಂದ್.

ಆ ಧಾರಾವಾಹಿಯ ಸ್ಕ್ರಿಪ್ಟ್ ಎಡಿಟರ್ ಆಂಡ್ರ್ಯೂ ಕಾರ್ಟ್‌ಮೆಲ್. ದಶಕಗಳ ಬಳಿಕ, 2015ರಿಂದ, ಇಬ್ಬರೂ ಸೇರಿ ಪೀಟರ್ ಗ್ರಾಂಟ್‌ನ ಕಾಮಿಕ್ಸ್ ಬರೆದರು. ಅವು ಕಾದಂಬರಿಯ ಚಿತ್ರರೂಪ ಅಂದುಕೊಳ್ಳಬೇಡಿ. ಎಲ್ಲ ಹೊಚ್ಚಹೊಸ ಪ್ರಕರಣಗಳು!

ಪೀಟರ್‌ನ ಅಮ್ಮ ಸಿಯೆರಾ ಲಿಯೋನ್‌ನಿಂದ ಬಂದವರು, ಕಚೇರಿಗಳ ಕಸ ಗುಡಿಸುವ ಕೆಲಸ. ಅಪ್ಪ ಜಾಝ್ ಟ್ರಂಪೆಟ್ ವಾದಕ. ಅಡ್ಡಹೆಸರು ‘ಲಾರ್ಡ್’! ಎರಡನೇ ಕಾದಂಬರಿ ‘ಮೂನ್ ಓವರ್ ಸೋಹೋ’ದಲ್ಲಿ ಸಾಲಾಗಿ ಸಾಯುವವರು ಜಾಝ್ ವಾದಕರು. ಅದು ಎಷ್ಟು ಬೇಗ ಬಂತು ಗೊತ್ತೇ? ಮೊದಲನೆಯದು ಬಂದ ವರ್ಷವೇ!

ಓದುವುದಕ್ಕೆ ಸೋಮಾರಿತನವೇ? ಕೇಳಿ! ಆಡಿಯೋ ಪುಸ್ತಕ ಓದಿದವರು ಕೋಬ್ನಾ ಹೋಲ್ಡ್‌ಬ್ರೂಕ್ ಸ್ಮಿತ್. ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯೆ ಪ್ರಶಸ್ತಿ ಗೆದ್ದ ನಟ. ನೈಟಿಂಗೇಲ್‌ಗೆ ಒಂದು ದನಿ, ನದಿಯಮ್ಮನಿಗೆ ಒಂದು ದನಿ. ಅಭಿಮಾನಿಗಳಿಗೆ ಪೀಟರ್ ಅಂದರೆ ಇವರದೇ ಗಂಟಲು!

2025ರಲ್ಲಿ ಬಂದ ‘ಸ್ಟೋನ್ ಆ್ಯಂಡ್ ಸ್ಕೈ’ ಸೇರಿ ಈಗ ಹತ್ತು ಕಾದಂಬರಿ. ಕಿರುಕಾದಂಬರಿಗಳು ಬೇರೆ. ಅದರಲ್ಲೊಂದು, ‘ದಿ ಅಕ್ಟೋಬರ್ ಮ್ಯಾನ್’, ಲಂಡನ್ ಬಿಟ್ಟು ಜರ್ಮನಿಗೇ ಹೋಗುತ್ತದೆ. ಅಲ್ಲಿನ ಮಂತ್ರ ಪೊಲೀಸನೇ ಬೇರೆ! ಆದರೆ ನೀವು ನಡುವಿನಿಂದ ಹೊರಡಬೇಡಿ. ‘ರಿವರ್ಸ್ ಆಫ್ ಲಂಡನ್’ ಮೊದಲು ಓದಿ. ಗೆಳೆಯರಿಗೆ ಕಥೆಯ ಕೊನೆ ಹೇಳಿಬಿಡಬೇಡಿ, ದಮ್ಮಯ್ಯ!

ಕೊನೆಗೊಂದು. ಮಾಮಾ ಥೇಮ್ಸ್‌ನ ಮಕ್ಕಳಲ್ಲಿ ಫ್ಲೀಟ್ ಎಂಬಾಕೆಯೂ ಇದ್ದಾಳೆ. ಅಸಲಿ ಫ್ಲೀಟ್ ನದಿ ಹ್ಯಾಂಪ್‌ಸ್ಟೆಡ್‌ನ ಗುಡ್ಡದಲ್ಲಿ ಹುಟ್ಟಿ, ನೆಲದಡಿಯಲ್ಲೇ ಊರು ದಾಟಿ, ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಬಳಿ ಥೇಮ್ಸ್ ಸೇರುತ್ತದೆ. ಮೇಲೆ ನಡೆಯುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ ಲಂಡನ್‌ಗೆ ಹೋದರೆ ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟ್ ಹುಡುಕಿ. ಪಬ್ಬೊಂದರ ಮುಂದೆ ರಸ್ತೆಯಲ್ಲಿ ಕಬ್ಬಿಣದ ಜಾಲರಿ ಇದೆ. ವಾಹನಗಳ ಸದ್ದು ಇಳಿಯುವವರೆಗೆ ಕಾದು, ಬಗ್ಗಿ ಕಿವಿಗೊಡಿ. ಕೆಳಗೆ ಫ್ಲೀಟ್ ಜುಳುಜುಳು ಹರಿಯುವುದು ಇವತ್ತಿಗೂ ಕೇಳಿಸುತ್ತದೆ!